ತಂಬೂರಿಯ ಮಂದ್ರ ತಂತಿ

ಶರಣರ ಧರ್ಮದಲ್ಲಿ ನಾದಕ್ಕೆ ಉನ್ನತವಾದ ಸ್ಥಾನವಿದೆ. ಬಸವಣ್ಣನವರು ಒಂದು ವಚನದಲ್ಲಿ ತಮ್ಮ ಶರೀರವನ್ನೇ ತಂತಿವಾದ್ಯವೆಂದು ಭಾವಿಸಿ ದೇವನ ಕೈಗೆ ಒಪ್ಪಿಸಿದ್ದಾರೆ. ದುಂಡಸಿಯ ಸುತ್ತಣ ಸೀಮೆಯಂತೂ ಈ ನಾದಸಂಪತ್ತಿನ ತವರು. ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫ ಸಾಹೇಬರ (1819-1889) ತತ್ತ್ವಪದಗಳು ಏಕತಾರಿಯ ಶ್ರುತಿಯೊಡನೆ ಇಂದಿಗೂ ಈ ನಾಡಿನಲ್ಲಿ ಕೇಳಿಬರುತ್ತವೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಹಾಗೂ ಅನಾಥ ಬಾಲಕರಿಗೆ ಸಂಗೀತವನ್ನು ಧಾರೆಯೆರೆದರು. ಅದೇ ತಾಲೂಕಿನ ದೇವಗಿರಿಯ ಪುಟ್ಟರಾಜ ಗವಾಯಿಗಳು (1914-2010) ಆ ಪರಂಪರೆಯನ್ನು ಮುಂದುವರಿಸಿ ಬೆಳಗಿದರು.

ಇಂತಹ ಪರಂಪರೆಯ ಬೆನ್ನೆಲುಬು ತಂಬೂರಿ. ಗಾಯಕನ ಕಿವಿಯನ್ನು ತಿದ್ದುವ ಮೊದಲ ಗುರು ಅದೇ. ಆದರೆ ಈ ಗುರುವಿನ ಕಂಠ ಕೆಟ್ಟಿದ್ದರೆ ಶಿಷ್ಯನ ಪಾಡೇನು? ಪ್ರಾಯಕ್ಕೆ ಬರುವ ಬಾಲಕರ ಧ್ವನಿ ಒಡೆದು ತಗ್ಗುತ್ತದೆ. ಆಗ ಹಲವೆಡೆ ತಂಬೂರಿಯ ಹಳೆಯ ತಂತಿಗಳನ್ನೇ ಸಡಿಲಿಸಿ ಶ್ರುತಿಯನ್ನು ಇಳಿಸಲಾಗುತ್ತದೆ. ತಂತಿ ಜೋಲಾಗಿ ನಾದ ಸತ್ತುಹೋಗುತ್ತದೆ. ಬೇಸತ್ತು ಶ್ರುತಿಯನ್ನು ಮತ್ತೆ ಏರಿಸಿದರೆ ಎಳೆಯ ಕಂಠ ಅದನ್ನು ಮುಟ್ಟಲು ತಿಣುಕಾಡಿ ಬಳಲುತ್ತದೆ. ಇವೆರಡೂ ಸರಿಯಾದ ದಾರಿಯಲ್ಲ. ಶ್ರುತಿಯನ್ನು ತಗ್ಗಿಸಬೇಕಾದರೆ ಬದಲಾಗಬೇಕಾದುದು ತಂತಿಯ ಬಿಗಿತವಲ್ಲ, ತಂತಿಯೇ.

ತಂತಿಯ ಮೂರು ಗುಣಗಳು

ತಂತಿಯ ಸ್ವರವನ್ನು ನಿರ್ಧರಿಸುವ ಅಂಶಗಳು ಮೂರು: ಉದ್ದ, ಬಿಗಿತ ಮತ್ತು ತೂಕ. ಫ್ರಾನ್ಸಿನ ವಿದ್ವಾಂಸ ಸಂನ್ಯಾಸಿ ಮರ್ಸೆನ್ 1636ರಲ್ಲಿ ಈ ನಿಯಮಗಳನ್ನು ಪ್ರಕಟಿಸಿದನು. ಉದ್ದ ಇಮ್ಮಡಿಯಾದರೆ ಸ್ವರವು ಒಂದು ಸಪ್ತಕ ಕೆಳಗಿಳಿಯುತ್ತದೆ. ಬಿಗಿತದಿಂದಲೇ ಅಷ್ಟು ಇಳಿಸಬೇಕಾದರೆ ಅದು ನಾಲ್ಕನೆಯ ಒಂದು ಭಾಗಕ್ಕೆ ಕುಗ್ಗಬೇಕು. ತೂಕದಿಂದ ಇಳಿಸಬೇಕಾದರೆ ಅದು ನಾಲ್ಕು ಪಟ್ಟು, ಅಂದರೆ ತಂತಿಯ ದಪ್ಪ ಇಮ್ಮಡಿ ಆಗಬೇಕು.

ದೊಡ್ಡ ತಂಬೂರಿಯಲ್ಲಿ ಮೇರುವಿನಿಂದ ಕುದುರೆಯವರೆಗೆ ತಂತಿಯ ಉದ್ದ ಸುಮಾರು ಒಂದು ಮೀಟರು. ಷಡ್ಜವನ್ನು ಹಾರ್ಮೋನಿಯಂದ ಕರಿ ಒಂದಕ್ಕೆ ಇರಿಸಿದರೆ ನಡುವಣ ಜೋಡಿ ತಂತಿಗಳು ಸೆಕೆಂಡಿಗೆ 139 ಬಾರಿ, ಪಂಚಮವು 104 ಬಾರಿ, ಖರ್ಜವೆಂಬ ಮಂದ್ರ ಷಡ್ಜವು 69 ಬಾರಿ ಕಂಪಿಸುತ್ತವೆ. ಅಂಗಡಿಗಳಲ್ಲಿ ತಂತಿಯ ದಪ್ಪವನ್ನು ಗೇಜು ಸಂಖ್ಯೆಯಿಂದ ಗುರುತಿಸುವುದುಂಟು. ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳ್ಳಗಿರುತ್ತದೆ. ಜೋಡಿಗೆ 30ನೆಯ ಗೇಜಿನ ಉಕ್ಕು, ಪಂಚಮಕ್ಕೆ 27ರ ಉಕ್ಕು, ಖರ್ಜಕ್ಕೆ 23ರ ಹಿತ್ತಾಳೆ ಹಾಕಿದರೆ, ಲೆಕ್ಕದ ಪ್ರಕಾರ ಪ್ರತಿ ತಂತಿಯ ಬಿಗಿತವೂ 5 ಕಿಲೋಗ್ರಾಂ ಭಾರಕ್ಕಿಂತ ತುಸು ಕಡಿಮೆಯಾಗಿ ಸಮನಾಗುತ್ತದೆ. ಬಿಗಿತ ಸಮನಾಗಿದ್ದರೆ ಬೆರಳಿಗೆ ಎಲ್ಲ ತಂತಿಗಳೂ ಒಂದೇ ಹದದಲ್ಲಿ ಸಿಗುತ್ತವೆ; ನಾದವೂ ಏರುಪೇರಿಲ್ಲದೆ ಹರಿಯುತ್ತದೆ.

ಇದೇ ತಂತಿಗಳನ್ನು ಮೂರು ಮನೆ ಕೆಳಗಿನ ಕರಿ ಐದಕ್ಕೆ ಸಡಿಲಿಸಿದರೆ ಬಿಗಿತದಲ್ಲಿ ಶೇಕಡಾ 30ರಷ್ಟು ನಷ್ಟವಾಗುತ್ತದೆ. ಅದನ್ನು ತುಂಬಿಕೊಳ್ಳಲು ದಪ್ಪವನ್ನು ಶೇಕಡಾ 19ರಷ್ಟು ಹೆಚ್ಚಿಸಬೇಕು. ಅಂದರೆ ಜೋಡಿಗೆ 28, ಪಂಚಮಕ್ಕೆ 25, ಖರ್ಜಕ್ಕೆ 22ನೆಯ ಗೇಜು ತಕ್ಕುದು. ಇವನ್ನು ಹಾಕಿದ ಮೇಲೆ ಮರಳಿ ಕರಿ ಒಂದಕ್ಕೆ ಏರಿಸಲಾಗದು. ಹಾಗೆ ಏರಿಸಿದರೆ ನಾಲ್ಕು ತಂತಿಗಳ ಒಟ್ಟು ಎಳೆತ 19 ಕಿಲೋಗ್ರಾಂನಿಂದ 27ರ ಸಮೀಪಕ್ಕೆ ಏರಿ, ದಂಡಿಗೆಗೂ ಮುಖದ ಹಲಗೆಗೂ ಅಪಾಯವಾದೀತು.

ಹಿತ್ತಾಳೆಯೇಕೆ?

ಖರ್ಜಕ್ಕೂ ದಪ್ಪ ಉಕ್ಕನ್ನೇ ಹಾಕಬಾರದೇಕೆ ಎಂಬ ಪ್ರಶ್ನೆ ಸಹಜ. ತೂಕದಲ್ಲಿ ಇವೆರಡಕ್ಕೂ ಹೆಚ್ಚಿನ ಅಂತರವಿಲ್ಲ. ಅಂತರವಿರುವುದು ಸೆಡವಿನಲ್ಲಿ. ಉಕ್ಕಿನ ಸೆಡವು ಹಿತ್ತಾಳೆಗಿಂತ ಸುಮಾರು ಎರಡು ಪಟ್ಟು. ಸೆಡೆತ ತಂತಿ ಬಾಗಲೊಲ್ಲದೆ ಸರಳಿನಂತೆ ವರ್ತಿಸುತ್ತದೆ. ಅದರ ಮೇಲಣ ಉಪಸ್ವರಗಳು ತಮ್ಮ ನೆಲೆಬಿಟ್ಟು ತುಸು ಏರಿ, ನಾದ ಒರಟಾಗುತ್ತದೆ. ಆದ್ದರಿಂದ ಖರ್ಜಕ್ಕೆ ಹಿತ್ತಾಳೆ ಅಥವಾ ಕಂಚು ಲೇಸು. ಜೋಡಿಗೆ ಮಾತ್ರ ಉಕ್ಕೇ ಬೇಕು. ಆ ಎತ್ತರದ ಸ್ವರಕ್ಕೆ ಬಿಗಿದರೆ ಹಿತ್ತಾಳೆ ಹರಿಯುವ ಅಂಚಿಗೆ ಬರುತ್ತದೆ.

ಪಾಶ್ಚಾತ್ಯರ ಬಾಸ್ ಗಿಟಾರಿನಲ್ಲಿಯೂ ಇದೇ ಸಮಸ್ಯೆ ತಲೆದೋರಿತು. 1951ರಲ್ಲಿ ಫೆಂಡರ್ ಕಂಪನಿ ತಂದ ವಾದ್ಯದಲ್ಲಿ ತಂತಿಯ ಉದ್ದ 34 ಅಂಗುಲ. ಅದರ ಕೆಳಗಿನ ತಂತಿ ಸೆಕೆಂಡಿಗೆ 41 ಬಾರಿ ಕಂಪಿಸುತ್ತದೆ. ಐದು ತಂತಿಯ ವಾದ್ಯಗಳಲ್ಲಿ ಅದು 31ಕ್ಕೆ ಇಳಿಯಿತು. ತೆಳುವಾದ ಉಕ್ಕಿನ ಎಳೆಯ ಮೇಲೆ ಬೇರೊಂದು ತಂತಿಯನ್ನು ಸುತ್ತಿ, ಸೆಡವನ್ನು ಹೆಚ್ಚಿಸದೆ ತೂಕವನ್ನು ಹೆಚ್ಚಿಸುವುದು ಒಂದು ಪರಿಹಾರ. ವಾದ್ಯವನ್ನೇ 35 ರಿಂದ 37 ಅಂಗುಲಕ್ಕೆ ಉದ್ದಗೊಳಿಸುವುದು ಇನ್ನೊಂದು. ಅದೇ ತಂತಿ, ಅದೇ ಸ್ವರವಿದ್ದರೆ 34ರ ಬದಲು 37 ಅಂಗುಲದ ವಾದ್ಯದಲ್ಲಿ ಬಿಗಿತ ಶೇಕಡಾ 18ರಷ್ಟು ಹೆಚ್ಚುತ್ತದೆ.

ಉದ್ದದ ಈ ಮಹಿಮೆ ತಂಬೂರಿಗೂ ಅನ್ವಯಿಸುತ್ತದೆ. ಸ್ತ್ರೀಕಂಠಕ್ಕೆಂದು ಮಾಡುವ ತಂಬೂರಿಯ ಉದ್ದ ದೊಡ್ಡದರ ಮುಕ್ಕಾಲು ಭಾಗ. ದೊಡ್ಡದರ ಶ್ರುತಿಯನ್ನೇ ಅದರಿಂದ ಪಡೆಯಬೇಕಾದರೆ ತಂತಿಯ ದಪ್ಪ ಮೂರನೆಯ ಒಂದರಷ್ಟು ಹೆಚ್ಚಬೇಕು. ಸೆಡವು ಅದಕ್ಕಿಂತ ಬಹುಪಾಲು ಹೆಚ್ಚುತ್ತದೆ. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರ (1913-2009) ಕಂಠವು ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ತಗ್ಗಿ ಗಂಭೀರವಾಯಿತೆಂಬುದು ಪ್ರಸಿದ್ಧವಾಗಿದೆ. ಆ ಕಂಠವೇ ಅವರ ಕೀರ್ತಿಗೆ ಕಾರಣವಾಯಿತು. ತಂಬೂರಿಯನ್ನು ಆರಿಸುವಾಗ ಹಾಡುವವರು ಗಂಡೋ ಹೆಣ್ಣೋ ಎಂದಲ್ಲ, ಕಂಠ ಎಲ್ಲಿ ನೆಲೆಸಿದೆ ಎಂದು ನೋಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಜೀವಾರಿಯ ಹೊಂದಾಣಿಕೆ

ತಂಬೂರಿಯ ಜೀವ ಅದರ ಅಗಲವಾದ, ಮೆಲ್ಲನೆ ಬಾಗಿದ ಕುದುರೆಯಲ್ಲಿದೆ. ಸರ್ ಸಿ. ವಿ. ರಾಮನ್ ಅವರು 1921ರಲ್ಲಿ ಇದರ ವೈಶಿಷ್ಟ್ಯವನ್ನು ವಿವರಿಸಿದರು. ಸಾಮಾನ್ಯ ನಿಯಮದಂತೆ, ಒಂದು ಉಪಸ್ವರದ ನಿಶ್ಚಲ ಬಿಂದುವಿನಲ್ಲಿ ಮೀಟಿದರೆ ಆ ಉಪಸ್ವರ ಹುಟ್ಟಬಾರದು. ತಂಬೂರಿಯಲ್ಲಿ ಅದೂ ಸ್ಪಷ್ಟವಾಗಿ ಕೇಳಿಬರುತ್ತದೆ. ತಂತಿ ಕುದುರೆಯ ಬೆನ್ನನ್ನು ಮುಟ್ಟುತ್ತ ಬಿಡುತ್ತ ಸಾಗುವುದೇ ಇದಕ್ಕೆ ಕಾರಣ. ಜೋಲು ತಂತಿ ಅಲ್ಲಿ ಬಡಿದು ಗರಗರ ಎನ್ನುತ್ತದೆ. ಅತಿ ಸೆಡೆತದ್ದು ಆ ಬಾಗಿಗೆ ಒಗ್ಗದೆ ಮೂಕವಾಗುತ್ತದೆ. ಆದ್ದರಿಂದ ತಂತಿಯ ಗೇಜು ಬದಲಾದಾಗ ತಂತಿಯ ಅಡಿಯ ನೂಲನ್ನು ಹಿಂದೆ ಮುಂದೆ ಸರಿಸಿ ಹೊಸ ನೆಲೆಯನ್ನು ಹುಡುಕಬೇಕು. ಆಗಲೂ ನಾದ ಬಿಚ್ಚದಿದ್ದರೆ ಜೀವಾರಿಯನ್ನು ಬಲ್ಲ ಕುಶಲಕರ್ಮಿಯಿಂದಲೇ ಹದಮಾಡಿಸಬೇಕು. ತಂಬೂರಿಗಳಿಗೆ ಹೆಸರಾದ ಮಿರಜ ಈ ವಿದ್ಯೆಯ ನೆಲೆವೀಡು.

ಹೀಗೆ ಮೊದಲು ಕಂಠದ ಷಡ್ಜವನ್ನು ಗುರುತಿಸಿ, ಆ ಬಳಿಕ ವಾದ್ಯದ ಉದ್ದವನ್ನು ಅಳೆದು, ಕೊನೆಗೆ ತಂತಿಯನ್ನು ಆರಿಸುವುದೇ ಸರಿಯಾದ ಕ್ರಮ. ತಂತಿಯ ಬೆಲೆ ಅಲ್ಪ; ಕೆಟ್ಟ ಶ್ರುತಿಯಿಂದ ಕೆಟ್ಟ ಕಿವಿಯನ್ನೂ ಬಳಲಿದ ಕಂಠವನ್ನೂ ತಿದ್ದುವ ಶ್ರಮ ಅಪಾರ. ವಚನಗಾಯನದ ಪೀಠದಲ್ಲಿ ಕುಳಿತ ವಿದ್ಯಾರ್ಥಿಯ ಬೆನ್ನಿಗೆ ತುಂಬಿದ ಖರ್ಜದ ನಾದವಿದ್ದರೆ, ಅವನ ಸ್ವರ ತಾನಾಗಿಯೇ ನೆಲೆಯನ್ನು ಕಂಡುಕೊಳ್ಳುತ್ತದೆ.