ದೇಹವೂ ಪಾಠ ಕಲಿಯುತ್ತದೆ

ಕಳೆದ ಶುಕ್ರವಾರದ ಖುತ್ಬಾದಲ್ಲಿ, ದೇಹವು ಅಲ್ಲಾಹನು ನಮ್ಮ ಕೈಗೆ ಕೊಟ್ಟಿರುವ ಅಮಾನತ್ ಎಂಬ ವಿಷಯದ ಮೇಲೆ ಮಾತನಾಡಿದ್ದೆವು. ನಮಾಝ್ ಮುಗಿದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದು, "ಉಸ್ತಾದ್, ರೋಗದ ವಿರುದ್ಧ ಹೋರಾಡುವ ಶಕ್ತಿಯನ್ನು ಅಲ್ಲಾಹನೇ ದೇಹದೊಳಗೆ ಇಟ್ಟಿರುವಾಗ ಮಕ್ಕಳಿಗೆ ಈ ಚುಚ್ಚುಮದ್ದು ಯಾಕೆ?" ಎಂದು ಕೇಳಿದರು. ಅದು ವಾದಕ್ಕಾಗಿ ಕೇಳಿದ ಪ್ರಶ್ನೆಯಲ್ಲ. ಅವರ ಮೊಮ್ಮಗಳಿಗೆ 9 ತಿಂಗಳು ತುಂಬಿದೆ, ಆಶಾ ಕಾರ್ಯಕರ್ತೆ ಎರಡು ಸಲ ಮನೆಗೆ ಬಂದು ಹೋಗಿದ್ದಾರೆ. ಮಸೀದಿಯ ಮೆಟ್ಟಿಲ ಮೇಲೆ ನಿಂತು ಹೇಳಿ ಮುಗಿಸುವ ಉತ್ತರ ಅದಲ್ಲ. ಹಾಗಾಗಿ ಭಾನುವಾರ ಮದ್ರಸದ ದೊಡ್ಡ ಮಕ್ಕಳ ತರಗತಿಯಲ್ಲಿ ಅದನ್ನೇ ಪಾಠವಾಗಿ ಎತ್ತಿಕೊಂಡೆವು. ಅಂದು ಹೇಳಿದ್ದನ್ನು ಮನೆಯವರೂ ಓದಲೆಂದು ಇಲ್ಲಿ ಬರೆದಿದ್ದೇವೆ. ನಾವು ವೈದ್ಯರಲ್ಲ, ಬರೆದದ್ದನ್ನು ಜಮಾಅತಿನ ಮಕ್ಕಳ ವೈದ್ಯರೊಬ್ಬರಿಗೆ ತೋರಿಸಿ, ಅವರು ತಿದ್ದಿದ್ದನ್ನು ತಿದ್ದಿ ಕಳಿಸುತ್ತಿದ್ದೇವೆ.

ರೋಗಾಣು ದೇಹದೊಳಗೆ ಬರದಂತೆ ತಡೆಯುವುದು ಯಾವುದು ಎಂದು ಮಕ್ಕಳನ್ನು ಕೇಳಿದೆವು. "ಮಾಸ್ಕ್" ಎಂದ ಒಬ್ಬ. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆಮೇಲೆ ಒಂದೊಂದಾಗಿ ಉತ್ತರ ಬಂತು: ಚರ್ಮ, ಮೂಗಿನ ಕೂದಲು, ಸಿಂಬಳ, ಕಣ್ಣೀರು, ಹೊಟ್ಟೆಯ ಆಮ್ಲ. ವುಝೂ ಮಾಡುವಾಗ ನೀರು ಮುಟ್ಟಿಸುವ ಕೈ, ಬಾಯಿ, ಮೂಗುಗಳೇ ರೋಗಾಣು ನುಗ್ಗುವ ಬಾಗಿಲುಗಳಲ್ಲವೇ ಎಂದು ಒಬ್ಬಳು ಹುಡುಗಿ ಹೇಳಿದಳು. ಒಳ್ಳೆಯ ಮಾತು. ಆದರೂ ವುಝೂ ಇಬಾದತ್. ಅದನ್ನು ಔಷಧಿಯ ಪಟ್ಟಿಗೆ ಸೇರಿಸಿ ಮಾತನಾಡುವ ಅಭ್ಯಾಸ ನಮಗಿಲ್ಲ.

ಬಾಗಿಲು ದಾಟಿ ಒಳಗೆ ಬಂದ ರೋಗಾಣುವಿಗೆ ಮೊದಲು ಎದುರಾಗುವುದು ಕೆಲವು ಬಗೆಯ ಬಿಳಿ ರಕ್ತಕಣಗಳು. ಇವು ಬಂದದ್ದು ಯಾರೆಂದು ವಿಚಾರಿಸುವುದಿಲ್ಲ, ಹೊರಗಿನದು ಎಂದು ಗೊತ್ತಾದರೆ ಸಾಕು, ನುಂಗಿಬಿಡುತ್ತವೆ. ಗಾಯದಲ್ಲಿ ಕಾಣುವ ಕೀವಿನಲ್ಲಿ ಬಹುಪಾಲು ಹೀಗೆ ಹೋರಾಡಿ ಸತ್ತ ಕಣಗಳೇ. ಜ್ವರವೂ ಹೋರಾಟದ ಭಾಗ. ಮೈ ಬಿಸಿಯಾದಾಗ ಹಲವು ರೋಗಾಣುಗಳು ಬೆಳೆಯುವುದು ನಿಧಾನವಾಗುತ್ತದೆ.

ಇದಿಷ್ಟು ಹುಟ್ಟಿನಿಂದಲೇ ಬಂದ ರಕ್ಷಣೆ. ಇದರ ಹಿಂದೆ ಇನ್ನೊಂದು ಪಡೆಯಿದೆ, ಅದು ಕಲಿತು ಹೋರಾಡುವ ಪಡೆ. ಅದರ ಒಂದೊಂದು ಕಣವೂ ಒಂದೊಂದು ಗುರುತನ್ನು ಮಾತ್ರ ಬಲ್ಲದು. ದಡಾರದ ವೈರಾಣು ಬಂದರೆ, ಲಕ್ಷಾಂತರ ಕಣಗಳ ನಡುವೆ ಅದರ ಗುರುತು ಹಿಡಿಯಬಲ್ಲ ಕೆಲವೇ ಕಣಗಳು ಎಚ್ಚೆತ್ತು, ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಬೇಕು. ಗಂಟಲು ನೋವು ಬಂದಾಗ ಕುತ್ತಿಗೆಯಲ್ಲಿ ಕೈಗೆ ಸಿಗುವ ಗಂಟು ಈ ಕೆಲಸ ನಡೆಯುವ ಜಾಗಗಳಲ್ಲೊಂದು. ಹೀಗೆ ಹೆಚ್ಚಿದ ಕಣಗಳಲ್ಲಿ ಕೆಲವು ಪ್ರತಿಕಾಯ ಎಂಬ ವಸ್ತುವನ್ನು ತಯಾರಿಸುತ್ತವೆ. ಅದು ವೈರಾಣುವಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯ ಮಾಡುತ್ತದೆ. ಮೊದಲ ಸಲ ಇದಕ್ಕೆಲ್ಲ ಒಂದೆರಡು ವಾರ ಹಿಡಿಯುತ್ತದೆ. ಕಾಯಿಲೆ ಮಗುವನ್ನು ಮಲಗಿಸುವುದು ಆ ಅವಧಿಯಲ್ಲೇ. ಗೆದ್ದ ಮೇಲೆ ಕೆಲವು ಕಣಗಳು ನೆನಪಾಗಿ ಉಳಿಯುತ್ತವೆ. ಅದೇ ವೈರಾಣು ಮತ್ತೆ ಬಂದರೆ ಕಾಯಿಲೆ ತಲೆಯೆತ್ತುವ ಮೊದಲೇ ಅವು ಅದನ್ನು ಮುಗಿಸುತ್ತವೆ.

ಹಿಫ್ಝ್ ಮಾಡುವ ಮಕ್ಕಳಿಗೆ ಇದು ಬೇಗ ಅರ್ಥವಾಯಿತು. ಹೊಸ ಸಬಖ್ ಬಾಯಿಗೆ ಬರಲು ದಿನ ಬೇಕು, ಒಮ್ಮೆ ನೆಟ್ಟಗೆ ಕೂತ ಪಾಠ ಕೇಳಿದ ಕ್ಷಣದಲ್ಲೇ ನಾಲಿಗೆಗೆ ಬರುತ್ತದೆ. ನೆನಪಿನ ಶಕ್ತಿ ಅಲ್ಲಾಹನ ಕೊಡುಗೆ, ಆದರೂ ಕಲಿಸದೆ ಯಾವ ಮಗುವೂ ಹಾಫಿಝ್ ಆಗಿಲ್ಲ. ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಲಸಿಕೆ ದೇಹದ ಶಕ್ತಿಯ ಬದಲಿಗೆ ಬರುವ ವಸ್ತುವಲ್ಲ, ಆ ಶಕ್ತಿಗೇ ಪಾಠ ಹೇಳುವ ವಸ್ತು. ದುರ್ಬಲಗೊಳಿಸಿದ ವೈರಾಣುವನ್ನು ಕೊಟ್ಟು, ಕಾಯಿಲೆಯ ಬೆಲೆ ತೆರದೆ ಗುರುತು ಹಿಡಿಯುವುದನ್ನು ಕಲಿಸುತ್ತದೆ. ಕರಿಜೀರಿಗೆಯ ಬಗ್ಗೆ ಹದೀಸ್ ಇದೆ, ನಾವೂ ದಿನವೂ ಸೇವಿಸುತ್ತೇವೆ. ಆದರೆ ದಡಾರದ ವೈರಾಣುವಿನ ಗುರುತನ್ನು ಅದು ದೇಹಕ್ಕೆ ಹೇಳಿಕೊಡುವುದಿಲ್ಲ. ಅಂಗಡಿಯಲ್ಲಿ 'ಇಮ್ಯುನಿಟಿ' ಎಂದು ಬರೆದು ಮಾರುವ ಪುಡಿಗಳೂ ಅಷ್ಟೇ.

ಒಮ್ಮೆ ಬಂದ ಸಿಡುಬು ಅದೇ ಮನುಷ್ಯನಿಗೆ ಮತ್ತೆ ಬರುವುದಿಲ್ಲ ಎಂಬುದನ್ನು ನಮ್ಮ ಹಿಂದಿನವರೂ ಗಮನಿಸಿದ್ದರು. ಸುಮಾರು 1,100 ವರ್ಷಗಳ ಹಿಂದೆ ಬಗ್ದಾದಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಅರ್-ರಾಝಿ, ಸಿಡುಬು ಮತ್ತು ದಡಾರವನ್ನು ಬೇರ್ಪಡಿಸಿ ಗುರುತಿಸುವುದು ಹೇಗೆಂದು ಒಂದು ಗ್ರಂಥವನ್ನೇ ಬರೆದರು. ಸಿಡುಬು ಮರುಕಳಿಸದಿರುವುದಕ್ಕೆ ಅವರು ಕೊಟ್ಟ ಕಾರಣ, ಬಾಲ್ಯದ ರಕ್ತ ಒಮ್ಮೆ ಹುದುಗೆದ್ದು ಪಕ್ವವಾಗುತ್ತದೆ ಎಂಬುದು. ಕಾರಣ ತಪ್ಪಾಗಿತ್ತು, ಕಂಡದ್ದು ಸರಿಯಾಗಿತ್ತು. ಇದನ್ನು ಮಕ್ಕಳಿಗೆ ಹೇಳಲು ನಮಗೆ ಸಂಕೋಚವಾಗಲಿಲ್ಲ.

"9 ತಿಂಗಳವರೆಗೆ ಕಾಯುವುದು ಯಾಕೆ, ಹುಟ್ಟಿದ ದಿನವೇ ಕೊಡಬಹುದಲ್ಲ?" ಎಂದು ಮತ್ತೊಬ್ಬ ಹುಡುಗ ಕೇಳಿದ. ತಾಯಿಯ ಪ್ರತಿಕಾಯಗಳು ಹೊಕ್ಕುಳ ಬಳ್ಳಿಯ ಮೂಲಕ ಮಗುವಿಗೆ ಬಂದು ಕೆಲವು ತಿಂಗಳು ಕಾಯುತ್ತವೆ. ಅವು ಇರುವಾಗ ಕೊಟ್ಟ ದಡಾರದ ಲಸಿಕೆಯನ್ನೂ ಅವೇ ಹೊಡೆದುಹಾಕುತ್ತವೆ, ಮಗು ಕಲಿಯುವುದಿಲ್ಲ. ಎದೆಹಾಲಿನಲ್ಲಿಯೂ ಪ್ರತಿಕಾಯಗಳಿವೆ, ಅದರಲ್ಲೂ ಹೆರಿಗೆಯಾದ ಕೂಡಲೇ ಬರುವ ಹಳದಿ ಹಾಲಿನಲ್ಲಿ ಹೇರಳ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ಮನೆಗಳು ಇಂದಿಗೂ ಇವೆ. ಅಜ್ಜಿಯಂದಿರು ದಯವಿಟ್ಟು ಇದನ್ನು ಇನ್ನೊಮ್ಮೆ ಓದಬೇಕು.

9 ತಿಂಗಳಲ್ಲಿ ಒಂದು ಡೋಸ್, 16ರಿಂದ 24 ತಿಂಗಳ ನಡುವೆ ಇನ್ನೊಂದು. ಎರಡನೆಯದು ಮುಖ್ಯವಾಗಿ ಮೊದಲ ಸಲ ಪಾಠ ಹತ್ತದ ಮಕ್ಕಳಿಗಾಗಿ. ಅಂಥವರು ಯಾರೆಂದು ಹೊರಗಿನಿಂದ ತಿಳಿಯದ ಕಾರಣ ಎಲ್ಲರಿಗೂ ಕೊಡುತ್ತಾರೆ. ಧನುರ್ವಾಯು, ಗಂಟಲಮಾರಿಯ ಲಸಿಕೆಗಳು ಬೇರೆ ಬಗೆ, ಅವುಗಳ ನೆನಪು ಮಾಸುತ್ತದೆ. ಅದಕ್ಕೇ 10 ಮತ್ತು 16ನೇ ವಯಸ್ಸಿನಲ್ಲಿ ಮತ್ತೆ ಚುಚ್ಚುತ್ತಾರೆ. ಹಿಫ್ಝ್ ಮಕ್ಕಳು ಇದನ್ನು ದೌರ್ ಎಂದೇ ಕರೆದರು.

ದಡಾರವನ್ನು "ಅಮ್ಮ ಬಂದು ಹೋಗುವುದು" ಎಂದು ಹಗುರವಾಗಿ ನೋಡುವವರಿದ್ದಾರೆ. ಆದರೆ ಅದರಷ್ಟು ಬೇಗ ಹರಡುವ ಕಾಯಿಲೆಗಳು ವಿರಳ. ರೋಗಿ ಕೋಣೆ ಬಿಟ್ಟು ಹೋದ ಮೇಲೂ ಎರಡು ಗಂಟೆಯವರೆಗೆ ವೈರಾಣು ಗಾಳಿಯಲ್ಲಿ ಇರಬಲ್ಲದು. ರಕ್ಷಣೆಯಿಲ್ಲದ 10 ಮಕ್ಕಳು ರೋಗಿಯ ಹತ್ತಿರವಿದ್ದರೆ 9 ಮಕ್ಕಳಿಗೆ ತಗಲಬಹುದು. ಅದಕ್ಕಿಂತ ಭಯದ ವಿಷಯ ಇನ್ನೊಂದಿದೆ. ಈ ವೈರಾಣು ಹುಡುಕಿ ಕೊಲ್ಲುವುದು ನೆನಪಿನ ಕಣಗಳನ್ನೇ. ನೆದರ್‌ಲ್ಯಾಂಡ್ಸ್‌ನಲ್ಲಿ ಧಾರ್ಮಿಕ ಕಾರಣಕ್ಕೆ ಲಸಿಕೆ ಬೇಡವೆನ್ನುವ ಕ್ರೈಸ್ತ ಸಮುದಾಯವೊಂದರಲ್ಲಿ 2013ರಲ್ಲಿ ದಡಾರ ಹಬ್ಬಿತು. ಅಲ್ಲಿನ 77 ಮಕ್ಕಳ ರಕ್ತವನ್ನು ಕಾಯಿಲೆಯ ಮೊದಲು ಮತ್ತು ನಂತರ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಬೇರೆ ರೋಗಗಳ ವಿರುದ್ಧ ಆ ಮಕ್ಕಳು ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇಕಡಾ 11ರಿಂದ 73ರಷ್ಟು ಅಳಿಸಿಹೋಗಿದ್ದವು. ಇದನ್ನು ಕೇಳಿ ತರಗತಿ ಮೌನವಾಯಿತು. ವರ್ಷಗಟ್ಟಲೆ ಕಲಿತದ್ದು ಒಂದೇ ಜ್ವರದಲ್ಲಿ ಹೋಗುವುದೆಂದರೆ ಏನೆಂದು ಆ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ನಮ್ಮದೊಂದು ತಪ್ಪನ್ನೂ ಇಲ್ಲಿ ಹೇಳಬೇಕು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ, ಇದರಿಂದ ಮಕ್ಕಳಾಗುವುದಿಲ್ಲ ಎಂಬ ವಾಟ್ಸಾಪ್ ಸಂದೇಶ ನಮ್ಮ ಮೊಹಲ್ಲಾದ ಮನೆಮನೆಗೂ ಬಂದಿತ್ತು. ಸುಳ್ಳೆಂದು ನಮಗೆ ಗೊತ್ತಿತ್ತು. ಮಿಂಬರಿನ ಮೇಲೆ ಹೇಳಿದರೆ ಕೆಲವರು ಬೇಸರಪಟ್ಟುಕೊಂಡಾರು ಎಂದು ಸುಮ್ಮನಿದ್ದೆವು. ಆ ವಾರ ನಮ್ಮ ಹಲವು ಮಕ್ಕಳು ಶಾಲೆಗೆ ಹೋಗಲಿಲ್ಲ. ಎರಡು ವರ್ಷದ ನಂತರ ಅವರಲ್ಲೊಬ್ಬ ದಡಾರದಿಂದ ನ್ಯುಮೋನಿಯಾ ಆಗಿ 11 ದಿನ ಆಸ್ಪತ್ರೆಯಲ್ಲಿದ್ದ. ಅಲ್‌ಹಮ್ದುಲಿಲ್ಲಾಹ್, ಬದುಕಿದ. ಅವನ ತಂದೆ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಆ ಸಂದೇಶ ಎಷ್ಟು ತಿರುಗುಮುರುಗು ಎಂಬುದು ನಮಗೆ ಆಮೇಲೆ ತಿಳಿಯಿತು. ಗರ್ಭಿಣಿಗೆ ರುಬೆಲ್ಲಾ ಬಂದರೆ ಮಗು ಕಣ್ಣು, ಕಿವಿ, ಹೃದಯದ ದೋಷದೊಂದಿಗೆ ಹುಟ್ಟಬಹುದು. ಆ ಲಸಿಕೆ ಕಾಯುವುದು ಗರ್ಭದೊಳಗಿನ ಮಗುವನ್ನು.

ಚುಚ್ಚಿದ ಒಂದೆರಡು ವಾರದೊಳಗೆ ಸಣ್ಣ ಜ್ವರ, ಮೈಮೇಲೆ ಸ್ವಲ್ಪ ಗುಳ್ಳೆ ಬರಬಹುದು, ತಾನಾಗಿ ಇಳಿಯುತ್ತದೆ. ತೀವ್ರ ಅಲರ್ಜಿ ಬಹಳ ಅಪರೂಪ, ಅದಕ್ಕೇ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವಂಥ ಮಕ್ಕಳಿಗೆ ಈ ಲಸಿಕೆ ಕೊಡುವಂತಿಲ್ಲ. ಸುತ್ತಲಿನ 100 ಮಕ್ಕಳಲ್ಲಿ 95 ಮಕ್ಕಳಾದರೂ ರಕ್ಷಣೆ ಪಡೆದಿದ್ದರೆ ಮಾತ್ರ ದಡಾರ ಅವರವರೆಗೆ ತಲುಪುವುದಿಲ್ಲ. ಅಂಥ ಒಂದು ಮಗು ನಮ್ಮ ಮದ್ರಸದಲ್ಲೇ ಇದೆ. ನೆರೆಯವರ ಹಕ್ಕಿನ ಬಗ್ಗೆ ಖುತ್ಬಾ ಹೇಳುವಾಗ ಈಗ ನಮಗೆ ಆ ಮಗುವಿನ ಮುಖವೇ ಎದುರಿಗೆ ಬರುತ್ತದೆ.

ಪಾಠ ಮುಗಿದ ಮೇಲೆ ಮಕ್ಕಳು ತಮ್ಮ ತಮ್ಮ ತಾಯಿ ಕಾರ್ಡ್ ಹುಡುಕಿ ತರುವುದಾಗಿ ಹೇಳಿ ಹೋದರು. ಮರುವಾರ ಹದಿನಾಲ್ಕು ಕಾರ್ಡ್ ಬಂದವು, ಮೂರರಲ್ಲಿ ಎರಡನೇ ಡೋಸಿನ ಜಾಗ ಖಾಲಿಯಿತ್ತು. ಆ ಹಿರಿಯರು ಗುರುವಾರ ಮೊಮ್ಮಗಳನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದರಂತೆ. "ರಾತ್ರಿಯಿಡೀ ಅತ್ತಳು ಉಸ್ತಾದ್," ಎಂದರು ಜುಮಾ ದಿನ, ಅರ್ಧ ದೂರು, ಅರ್ಧ ನಗು.