ಭಾನುವಾರದ ಘಾಟಿ, ಸೋಮವಾರದ ನಾಡಿ

ಡೆಂಕಣಿಕೋಟೆ ದಾಟಿದ ಮೇಲೆ ಅಂಚೆಟ್ಟಿ ರಸ್ತೆ ಕಾಡಿನೊಳಗೆ ಇಳಿಯತೊಡಗುತ್ತದೆ. ಇಪ್ಪತ್ತು ಕಿಲೋಮೀಟರಿಗೆ ತುಸು ಹೆಚ್ಚಿನ ದಾರಿ. ತಿರುವಿನ ಬೆನ್ನಿಗೆ ತಿರುವು. ಹೊಸೂರಿನಿಂದ ಹೊರಟು ಅಂಚೆಟ್ಟಿ ಮುಟ್ಟಿ ಹಿಂತಿರುಗಿದರೆ ನೂರು ಕಿಲೋಮೀಟರಿನ ಆಸುಪಾಸು ಆಗುತ್ತದೆ. ಹೊಗೇನಕಲ್‌ವರೆಗೆ ಹೋಗುವವರು ಇನ್ನೂ ಕೆಳಕ್ಕೆ, ಕಾವೇರಿಯ ಮಟ್ಟದವರೆಗೆ ಇಳಿಯಬೇಕು. ಬೆಳಗಿನ ತಂಪಿನಲ್ಲಿ ಗಾಳಿ ಸೀಳಿಕೊಂಡು ಇಳಿದದ್ದನ್ನೆಲ್ಲ ಬಿಸಿಲೇರಿದ ಮೇಲೆ, ಕಾಲು ಸೋತ ಮೇಲೆ ಮತ್ತೆ ಹತ್ತಬೇಕು. ರಜೆಯ ದಿನ ಬೆಂಗಳೂರು, ಹೊಸೂರಿನ ಸೈಕಲ್ ಸವಾರರನ್ನು ಈ ಕಡೆ ಎಳೆದು ತರುವುದು ಇದೇ ಏರಿಳಿತ.

ಆಡಳಿತದ ಲೆಕ್ಕದಲ್ಲಿ ಇದು 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ, ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. ಊರವರ ಬಾಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಓಡಾಡುತ್ತವೆ. ಸುತ್ತಲಿನ ಕಾಡಿನ ದೊಡ್ಡ ಭಾಗ 2014ರಲ್ಲಿ ಘೋಷಣೆಯಾದ ಕಾವೇರಿ ಉತ್ತರ ವನ್ಯಜೀವಿ ಧಾಮಕ್ಕೆ ಸೇರಿದೆ. ಅದರ ವಿಸ್ತೀರ್ಣ 504 ಚದರ ಕಿಲೋಮೀಟರ್. ಆನೆಗಳ ಓಡಾಟವಿರುವ ಜಾಗವಾದ್ದರಿಂದ ನಸುಕಿನಲ್ಲೂ ಸಂಜೆಗತ್ತಲಲ್ಲೂ ಸೈಕಲ್ ಮೇಲೆ ಕಾಡು ಹೊಗುವುದು ಸಲ್ಲದು. ಬೆಳಕು ಹರಿದ ಮೇಲೆ, ಗುಂಪಾಗಿ, ಸದ್ದು ಮಾಡದೆ ಹೋಗಬೇಕು.

ಇಂಥ ಗುಂಪುಗಳಲ್ಲಿ ಈಗ ಹೆಂಗಸರೂ ಇರುತ್ತಾರೆ. ಸೈಕಲ್ ತುಳಿಯುವುದು ಅವರ ಸಂಬಳದ ಕೆಲಸವಲ್ಲ. ವಾರವಿಡೀ ಬ್ಯಾಂಕು, ಶಾಲೆ, ಆಸ್ಪತ್ರೆ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದು, ವಾರದ ಕೊನೆಗೆ ನಂಬರು ಅಂಟಿಸಿಕೊಂಡು ರೇಸಿಗೆ ನಿಲ್ಲುವ ಹವ್ಯಾಸಿಗಳು ಅವರು. ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ ಸರಣಿಯಲ್ಲಿ ಮಹಿಳೆಯರಿಗೇ ಪ್ರತ್ಯೇಕ ವಿಭಾಗವಿದೆ. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್‌ನಲ್ಲಿ ಮಸಿನಗುಡಿಯಿಂದ ಊಟಿಗೆ ಹತ್ತುವ, 36 ಕಡಿದಾದ ತಿರುವುಗಳ ಕಲ್ಹಟ್ಟಿ ಘಾಟಿಯನ್ನೂ ಹೆಂಗಸರು ಹತ್ತುತ್ತಾರೆ. ದೂರದ ಸವಾರಿಯ ಹುಚ್ಚಿರುವವರಿಗೆ ಗಡುವಿನೊಳಗೆ ಮುಗಿಸಬೇಕಾದ ಬ್ರೆವೆಗಳಿವೆ: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ. ಈ ಗಡುವು ಗಂಡಸರಿಗೂ ಹೆಂಗಸರಿಗೂ ಒಂದೇ.

ಸೈಕಲ್ ರೇಸನ್ನು ಹೊರಗಿನಿಂದ ನೋಡುವವರಿಗೆ ಅದು ಒಂಟಿ ಸಾಹಸದಂತೆ ಕಾಣುತ್ತದೆ. ಒಳಗೆ ಅದು ತಂಡದ ಆಟ. ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಸವಾರೆಯ ಶಕ್ತಿಯಲ್ಲಿ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ಮುಂದಿನವಳ ಚಕ್ರಕ್ಕೆ ಹತ್ತಿರ ಅಂಟಿಕೊಂಡು ಹೋದರೆ ಹಿಂದಿನವಳಿಗೆ ಸುಮಾರು ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಇದೇ ಡ್ರಾಫ್ಟಿಂಗ್. ಆದ್ದರಿಂದ ತಂಡದಲ್ಲಿ ಸರದಿಯ ಮೇಲೆ ಒಬ್ಬೊಬ್ಬರು ಮುಂದೆ ಬಂದು ಗಾಳಿಗೆ ಎದೆಕೊಡುತ್ತಾರೆ. ಇದಕ್ಕೆ ಸವಾರರು ‘ಪುಲ್ ಮಾಡುವುದು’ ಎನ್ನುತ್ತಾರೆ. ಕೊನೆಯ ಕಿಲೋಮೀಟರಿನಲ್ಲಿ ಯಾರು ನುಗ್ಗಬೇಕು, ಅವಳಿಗಾಗಿ ಯಾರು ಮೊದಲೇ ಸುಸ್ತಾಗಬೇಕು ಎಂಬುದು ಹಿಂದಿನ ರಾತ್ರಿಯೇ ತೀರ್ಮಾನವಾಗಿರುತ್ತದೆ. ಗೆಲ್ಲುವವಳ ಪದಕದಲ್ಲಿ ಹತ್ತನೆಯವಳಾಗಿ ಬಂದವಳ ಬೆವರೂ ಇರುತ್ತದೆ.

ಜತೆಗಾರರು ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ 2024ರ ಮಹಿಳಾ ಟೂರ್ ಡಿ ಫ್ರಾನ್ಸ್ ಸಾಕ್ಷಿ. ಒಟ್ಟು ಲೆಕ್ಕದಲ್ಲಿ ಮುಂದಿರುವವರ ಹಳದಿ ಜೆರ್ಸಿ ತೊಟ್ಟಿದ್ದ ನೆದರ್‌ಲೆಂಡ್ಸ್‌ನ ಡೆಮಿ ವೊಲ್ಲರಿಂಗ್ ಐದನೇ ಹಂತದ ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಬಿದ್ದರು. ಎದ್ದು ಮತ್ತೆ ಸೈಕಲ್ ಹತ್ತಿದಾಗ ಗಾಳಿ ತಡೆದು ಎಳೆದೊಯ್ಯಲು ತಂಡದವರು ಪಕ್ಕದಲ್ಲಿರಲಿಲ್ಲ. ಅಂದು ಕಳೆದುಕೊಂಡದ್ದು ಒಂದೂವರೆ ನಿಮಿಷಕ್ಕೂ ಹೆಚ್ಚು. ನೋವಿನಲ್ಲೇ ಮುಂದುವರಿದು, ಕೊನೆಯ ದಿನ ಆಲ್ಪ್ ದ್ಯುಯೆಜ್ ಬೆಟ್ಟದ ತುದಿಯಲ್ಲಿ ಅವರೇ ಮೊದಲಿಗರಾದರು. ಆದರೆ ಒಟ್ಟು ಲೆಕ್ಕದಲ್ಲಿ ಪೋಲೆಂಡಿನ ಕಾಶಾ ನೀವಿಯಾಡೋಮಾ ಎದುರು ಸೋತರು, ಬರೀ 4 ಸೆಕೆಂಡಿನಲ್ಲಿ.

ಹವ್ಯಾಸಿಗಳ ಪಾಲಿಗೆ ಇದಕ್ಕಿಂತ ಹತ್ತಿರದ ಕಥೆ ಆಸ್ಟ್ರಿಯಾದ ಆನಾ ಕೀಸೆನ್‌ಹೋಫರ್ ಅವರದು. ಗಣಿತದಲ್ಲಿ ಡಾಕ್ಟರೇಟ್ ಪಡೆದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಅವರಿಗೆ 2021ರಲ್ಲಿ ಯಾವ ವೃತ್ತಿಪರ ತಂಡದ ಒಪ್ಪಂದವೂ ಇರಲಿಲ್ಲ. ಯಾವ ದಿನ ಎಷ್ಟು ತುಳಿಯಬೇಕು, ಏನು ತಿನ್ನಬೇಕು ಎಂಬುದನ್ನು ತಾವೇ ಲೆಕ್ಕ ಹಾಕಿಕೊಳ್ಳುತ್ತಿದ್ದರು. ಟೋಕಿಯೋ ಒಲಿಂಪಿಕ್ಸ್‌ನ 137 ಕಿಲೋಮೀಟರ್ ರೇಸಿನಲ್ಲಿ ಆರಂಭದಲ್ಲೇ ಗುಂಪಿನಿಂದ ಮುಂದೆ ಜಿಗಿದವರು ಮತ್ತೆ ಹಿಂದಿರುಗಿ ಸೇರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಸವಾರರ ಕಿವಿಗೆ ರೇಡಿಯೋ ಇರುವುದಿಲ್ಲ. ಹಾಗಾಗಿ ಮುಂದೆ ಒಬ್ಬರಿದ್ದಾರೆಂಬುದು ತಿಳಿಯದೆ, ಎರಡನೆಯವರಾಗಿ ಗೆರೆ ದಾಟಿದ ಅನೆಮಿಕ್ ವಾನ್ ಫ್ಲ್ಯೂಟನ್ ತಾವೇ ಗೆದ್ದೆವೆಂದು ಕೈ ಎತ್ತಿ ಸಂಭ್ರಮಿಸಿದರು. ಚಿನ್ನ ಗೆದ್ದ ಹವ್ಯಾಸಿ ಅವರಿಗಿಂತ ಒಂದು ನಿಮಿಷಕ್ಕೂ ಮೊದಲೇ ಗೆರೆ ದಾಟಿಯಾಗಿತ್ತು.

ಈ ಮಟ್ಟಕ್ಕೆ ಬರಲು ಹೆಣ್ಣುಮಕ್ಕಳು ಬಹುಕಾಲ ಕಾಯಬೇಕಾಯಿತು. ಗಂಡಸರ ರಸ್ತೆ ರೇಸ್ 1896ರ ಮೊದಲ ಒಲಿಂಪಿಕ್ಸ್‌ನಲ್ಲೇ ಇತ್ತು. ಹೆಂಗಸರದು ಸೇರಿದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ನಮ್ಮಲ್ಲಿ ಈ ಆಟಕ್ಕೆ ನೀರೆರೆದದ್ದು ರಾಜಧಾನಿಗಿಂತ ಹೆಚ್ಚಾಗಿ ವಿಜಯಪುರ, ಬಾಗಲಕೋಟೆಯ ಬಯಲು. ಅಲ್ಲಿನ ಕ್ರೀಡಾ ವಸತಿನಿಲಯಗಳಲ್ಲಿ ಬೆಳೆದ ಹಳ್ಳಿಯ ಹುಡುಗಿಯರು ಕರ್ನಾಟಕಕ್ಕೆ ರಾಷ್ಟ್ರೀಯ ಪದಕಗಳನ್ನು ತಂದಿದ್ದಾರೆ. ಮೇಘಾ ಗೂಗಾಡ, ದಾನಮ್ಮ ಚಿಚಖಂಡಿ ಅವರಂಥ ಹೆಸರುಗಳು ಆ ಕಡೆಯವೇ. ವಸತಿನಿಲಯದಲ್ಲಿ ತರಬೇತಿಯ ಜತೆಗೆ ಹೊತ್ತಿಗೆ ಸರಿಯಾಗಿ ಊಟ, ನಿದ್ದೆಯೂ ಸಿಗುತ್ತದೆ. ಕೆಲಸಕ್ಕೆ ಹೋಗುವ ಹವ್ಯಾಸಿ ಸವಾರೆಗೆ ಸಿಗದಿರುವುದು ಈ ಊಟ, ನಿದ್ದೆಯೇ.

ಕಾಲು ಗಟ್ಟಿಯಾಗುವುದು ಘಾಟಿ ಹತ್ತುವಾಗಲ್ಲ, ಹತ್ತಿ ಬಂದು ಮಲಗಿದಾಗ. ತುಳಿತದಿಂದ ಸ್ನಾಯುವಿನ ಎಳೆಗಳಲ್ಲಿ ಸಣ್ಣಸಣ್ಣ ಸೀಳುಗಳಾಗುತ್ತವೆ. ಅವು ಮೊದಲಿಗಿಂತ ಬಲವಾಗಿ ಕೂಡಿಕೊಳ್ಳುವುದು ಆಹಾರ, ನಿದ್ದೆ ಸಿಕ್ಕಾಗ ಮಾತ್ರ. ದೇಹ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿಡುವ ಸಕ್ಕರೆ, ಅಂದರೆ ಗ್ಲೈಕೋಜನ್, 400ರಿಂದ 500 ಗ್ರಾಮಿನಷ್ಟು. ಜೋರಾಗಿ ತುಳಿದರೆ ಒಂದೂವರೆ ಎರಡು ಗಂಟೆಗೆ ಅದು ತಳ ಕಾಣುತ್ತದೆ. ಆಗ ಕಣ್ಣು ಕತ್ತಲಿಟ್ಟು, ಕೈಕಾಲು ನಡುಗಿ, ಪೆಡಲು ಕಲ್ಲಾಗುತ್ತದೆ. ಸವಾರರ ಭಾಷೆಯಲ್ಲಿ ‘ಬಾಂಕ್ ಆಯಿತು’. ಅಂಚೆಟ್ಟಿಯಿಂದ ಮರಳಿ ಹತ್ತುವ ಹೊತ್ತಿಗೆ ಬಾಂಕ್ ಆದವಳಿಗೆ ಕಾಡಿನ ನಡುವೆ ಅಂಗಡಿ ಸಿಗುವುದಿಲ್ಲ.

ಅದಕ್ಕಾಗಿ ಹಸಿವಾಗುವ ಮೊದಲೇ ತಿನ್ನಬೇಕು. ದೀರ್ಘ ಸವಾರಿಯಲ್ಲಿ ಗಂಟೆಗೆ 60 ಗ್ರಾಂ ಶರ್ಕರಪಿಷ್ಟ ಎಂಬುದು ಸಾಮಾನ್ಯ ಸಲಹೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ; ಗಂಟೆಗೆ ಎರಡು ಬಾಳೆಹಣ್ಣು, ಜತೆಗೊಂದು ತುಂಡು ಕಡಲೆಬೀಜದ ಚಿಕ್ಕಿ ಸಾಕು. ದುಬಾರಿ ಜೆಲ್ ಪೊಟ್ಟಣಗಳು ಬೇಕೇಬೇಕೆಂದಿಲ್ಲ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದು ಅಪಾಯ. ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ, ದಾರಿಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಇನ್ನೂ ಒಳ್ಳೆಯದು.

ಸವಾರಿ ಮುಗಿದ ಮೇಲಿನ ಮೊದಲ ಗಂಟೆಗಳು ಇನ್ನೊಂದು ಅವಕಾಶ. ತೂಕದ ಕಿಲೋಗೆ ಒಂದು ಗ್ರಾಮಿನಂತೆ, ಅಂದರೆ 55 ಕಿಲೋ ತೂಗುವವಳು 55 ಗ್ರಾಮಿನಷ್ಟು ಶರ್ಕರಪಿಷ್ಟ, ಜತೆಗೆ 20–25 ಗ್ರಾಂ ಪ್ರೋಟೀನ್ ತಿಂದರೆ ಖಾಲಿಯಾದ ಕಣಜ ಬೇಗ ತುಂಬುತ್ತದೆ. ಈ ಸೀಮೆಯ ಊಟವೇ ಇದಕ್ಕೆ ಹೇಳಿ ಮಾಡಿಸಿದ್ದು. ಕೃಷ್ಣಗಿರಿ ಜಿಲ್ಲೆ ತಮಿಳುನಾಡಿನ ಮುಖ್ಯ ರಾಗಿ ಸೀಮೆ. ರಾಗಿಮುದ್ದೆ, ಅವರೆಕಾಳಿನ ಸಾರು, ಎರಡು ಮೊಟ್ಟೆ, ಒಂದು ಲೋಟ ಹಾಲು: ಇಷ್ಟರಲ್ಲಿ ಬೇಕಾದದ್ದೆಲ್ಲ ಇದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು.

ಎಲುಬಿನ ಮಾತು ಸೈಕಲ್ ಸವಾರೆಗೆ ಮುಖ್ಯ. ಓಡುವವರ ಎಲುಬಿಗೆ ಹೆಜ್ಜೆಹೆಜ್ಜೆಗೂ ನೆಲದ ಪೆಟ್ಟು ಬಿದ್ದು ಅದು ಗಟ್ಟಿಯಾಗುತ್ತದೆ. ಸೀಟಿನ ಮೇಲೆ ಕೂತವಳಿಗೆ ಆ ಪೆಟ್ಟು ಸಿಗುವುದಿಲ್ಲ. ಘಾಟಿಯಲ್ಲಿ ಹಗುರಾಗಿರಬೇಕೆಂದು ಊಟವನ್ನೂ ಕಡಿಮೆ ಮಾಡಿದರೆ ತೊಂದರೆ ದುಪ್ಪಟ್ಟು. ಖರ್ಚಿಗೆ ತಕ್ಕಷ್ಟು ಆಹಾರ ಸಿಗದಾಗ ದೇಹ ಮೊದಲು ಕೈಬಿಡುವುದು ತಿಂಗಳ ಮುಟ್ಟನ್ನು, ಅದರ ಬೆನ್ನಿಗೆ ಎಲುಬು ಸವೆಯತೊಡಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ‘ರೆಡ್-ಎಸ್’ ಎಂದು ಹೆಸರಿಟ್ಟಿತು. ಮುಟ್ಟು ನಿಂತರೆ ‘ಒಳ್ಳೆಯದೇ ಆಯಿತು, ರೇಸಿಗೆ ಅಡ್ಡಿಯಿಲ್ಲ’ ಎಂದುಕೊಳ್ಳುವವರಿದ್ದಾರೆ. ಅದು ವೈದ್ಯರನ್ನು ಕಾಣಬೇಕಾದ ಲಕ್ಷಣ. ಹಾಗೆಯೇ ರಕ್ತದ ಪರೀಕ್ಷೆ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಸ್ನಾಯುವಿಗೆ ಸಾಕಷ್ಟು ಆಮ್ಲಜನಕ ಮುಟ್ಟುವುದಿಲ್ಲ. ಎಂಥ ದುಬಾರಿ ಸೈಕಲ್ ಕೊಂಡರೂ ಆ ಕೊರತೆ ತುಂಬುವುದಿಲ್ಲ.

ಇನ್ನು ಬೀಳುವ ವಿಷಯ. ರೇಸ್ ಮಾಡುವವರು ಎಂದಾದರೊಮ್ಮೆ ಬೀಳುತ್ತಾರೆ. ಘಾಟಿ ಇಳಿಯುವಾಗ ತಿರುವಿಗೆ ಮುಂಚೆಯೇ ಎರಡೂ ಬ್ರೇಕ್ ಹಿಡಿದು ವೇಗ ತಗ್ಗಿಸಬೇಕು, ತಿರುವಿನ ಒಳಗೆ ಹಿಡಿದರೆ ಚಕ್ರ ಜಾರುತ್ತದೆ. ಬಿದ್ದಾಗ ಕೈ ಮುಂದಕ್ಕೆ ಚಾಚುವುದು ಸಹಜ. ಆ ಹೊಡೆತ ತೋಳಿನುದ್ದಕ್ಕೂ ಏರಿ ಕಾಲರ್ ಬೋನ್ ಮುರಿಯುತ್ತದೆ. ಅದು ಕೂಡಲು ಆರರಿಂದ ಹನ್ನೆರಡು ವಾರ ಬೇಕು. ಡಾಂಬರು ಉಜ್ಜಿದ ತರಚುಗಾಯವನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು, ಮರಳು ತೆಗೆದು, ಧನುರ್ವಾಯು ಚುಚ್ಚುಮದ್ದಿನ ಅವಧಿ ನೋಡಿಕೊಳ್ಳಬೇಕು. ತಲೆಗೆ ಪೆಟ್ಟಾಗಿದ್ದರೆ ಅಂದು ಮತ್ತೆ ಸೈಕಲ್ ಹತ್ತುವಂತಿಲ್ಲ, ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ತೊಡುವಂತಿಲ್ಲ.

ಟೋಕಿಯೋದಲ್ಲಿ ಕೈ ಎತ್ತಿದ್ದ ಅನೆಮಿಕ್ ವಾನ್ ಫ್ಲ್ಯೂಟನ್ ಅದಕ್ಕೆ ಐದು ವರ್ಷ ಮೊದಲು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ, ಚಿನ್ನದ ದಾರಿಯಲ್ಲಿ ಒಂಟಿಯಾಗಿ ಮುಂದಿದ್ದಾಗ ಇಳಿಜಾರಿನ ತಿರುವಿನಲ್ಲಿ ಬಿದ್ದಿದ್ದರು. ಸೊಂಟದ ಭಾಗದ ಬೆನ್ನೆಲುಬಿನಲ್ಲಿ ಮೂರು ಬಿರುಕು, ತಲೆಗೂ ಪೆಟ್ಟು. ಮರುವರ್ಷ ನಾರ್ವೆಯ ಬರ್ಗೆನ್‌ನಲ್ಲಿ ಅವರು ಟೈಮ್ ಟ್ರಯಲ್ ವಿಶ್ವ ಚಾಂಪಿಯನ್. 2022ರಲ್ಲಿ ಹೊಸದಾಗಿ ಶುರುವಾದ ಮಹಿಳಾ ಟೂರ್ ಡಿ ಫ್ರಾನ್ಸ್ ಗೆದ್ದಾಗ ಅವರಿಗೆ 39 ವರ್ಷ. ಅವರ ಹಿಂದೆ ವೈದ್ಯರು, ಫಿಸಿಯೋಥೆರಪಿಸ್ಟರು, ಸಂಬಳ ಕೊಡುವ ತಂಡ ಇತ್ತೆಂಬುದನ್ನು ಹವ್ಯಾಸಿಗಳು ಮರೆಯಬಾರದು. ಮೂಳೆ ಕೂಡಿದೆಯೆಂದು ವೈದ್ಯರು ಹೇಳಿದ ಮೇಲೆ ಮೊದಲು ಮನೆಯೊಳಗೆ ಟ್ರೇನರ್ ಮೇಲೆ ಇಪ್ಪತ್ತು ನಿಮಿಷ, ಬಳಿಕ ಖಾಲಿ ರಸ್ತೆ, ಅದಾದ ಮೇಲೆ ಒಬ್ಬಿಬ್ಬರ ಜತೆ, ಎಲ್ಲಕ್ಕೂ ಕೊನೆಗೆ ಗುಂಪು ಮತ್ತು ಇಳಿಜಾರು. ಕಾಲಿಗಿಂತ ತಡವಾಗಿ ಮರಳುವುದು ಧೈರ್ಯ. ಅದಕ್ಕೂ ಅಷ್ಟೇ ದಿನ ಕೊಡಬೇಕು.

ದಿನ ಎಲ್ಲಿಂದ ತರುವುದು? 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಭಾನುವಾರ ನೂರು ಕಿಲೋಮೀಟರ್ ತುಳಿದು ಬಂದ ಗಂಡಸು ಸ್ನಾನ ಮಾಡಿ ಮಲಗಬಹುದು. ಅದೇ ದೂರ ತುಳಿದ ಹೆಂಗಸಿಗೆ ಮನೆಯಲ್ಲಿ ಅಡುಗೆ, ನೆನೆಸಿಟ್ಟ ಬಟ್ಟೆ, ಮಕ್ಕಳ ಹೋಂವರ್ಕ್ ಕಾದಿರುತ್ತವೆ. ‘ನಿನಗೆ ಸೈಕಲ್ಲಿಗೆ ಸಮಯ ಕೊಟ್ಟಿದ್ದೇವಲ್ಲ’ ಎನ್ನುವ ಮನೆಯವರು ಕೊಟ್ಟಿರುವುದು ಸವಾರಿಯ ಐದು ಗಂಟೆಯನ್ನು ಮಾತ್ರ. ಆ ಸವಾರಿ ಫಲ ಕೊಡುವುದು ನಂತರದ ನಿದ್ದೆಯಲ್ಲಿ ಎಂಬುದು ಅವರ ಲೆಕ್ಕಕ್ಕೆ ಬರುವುದಿಲ್ಲ. ಅವಳ ತರಬೇತಿಯಲ್ಲಿ ದೊಡ್ಡ ಕೊರತೆ ಇದೇ, ಇದನ್ನು ಅವಳೊಬ್ಬಳೇ ತುಂಬಲಾರಳು. ಹೆಂಗಸರ ತಂಡವೊಂದು ರಸ್ತೆಯಲ್ಲಿ ಗಾಳಿಯನ್ನು ಹಂಚಿಕೊಂಡಂತೆ ರಸ್ತೆಯಾಚೆಗೂ ಹೊರೆ ಹಂಚಿಕೊಳ್ಳಬಹುದು: ಬಿದ್ದವಳ ಮನೆಗೆ ಸರದಿಯಂತೆ ಊಟ ಒಯ್ಯಬಹುದು, ಆಸ್ಪತ್ರೆಗೆ ಜತೆಯಾಗಬಹುದು, ವಿಶ್ರಾಂತಿಯ ವಾರವನ್ನೂ ಎಲ್ಲರ ವೇಳಾಪಟ್ಟಿಯಲ್ಲಿ ಬರೆದಿಡಬಹುದು.

ಚೇತರಿಕೆ ಆಗಿದೆಯೇ ಎಂದು ನೋಡಲು ಯಂತ್ರ ಬೇಕಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆ ಬಿಡುವ ಮುನ್ನ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ ಪುಸ್ತಕದಲ್ಲಿ ಬರೆದಿಡಬೇಕು. ಎಂದಿನ ಸಂಖ್ಯೆ ಸಿಗಲು ಎರಡು ವಾರ ಸಾಕು. ಅದಕ್ಕಿಂತ ಏಳೆಂಟು ಹೆಚ್ಚಾಗಿದ್ದರೆ, ಜತೆಗೆ ನಿದ್ದೆ ಕೆಟ್ಟು ಸಿಡುಕು ಹತ್ತಿದ್ದರೆ ದೇಹಕ್ಕೆ ಇನ್ನೂ ಬಿಡುವು ಬೇಕೆಂದು ಅರ್ಥ.

ಅಂಚೆಟ್ಟಿಗೆ ಹೋಗಿಬಂದ ಸವಾರೆಯೊಬ್ಬಳು ಸೋಮವಾರ ಐದಕ್ಕೆ ಎದ್ದಳು ಎಂದುಕೊಳ್ಳಿ. ಎಂದಿನ ನಾಡಿ 56, ಇಂದು 64. ಫೋನಿನಲ್ಲಿ ತಂಡದ ಗುಂಪಿಗೆ ‘ಇವತ್ತು ನಾನಿಲ್ಲ’ ಎಂದಷ್ಟೇ ಬರೆಯುತ್ತಾಳೆ. ಘಾಟಿಯ ಕೆಂಪು ಧೂಳು ಇನ್ನೂ ಅಂಟಿರುವ ಸೈಕಲ್ ಗೋಡೆಗೆ ಒರಗಿಕೊಂಡಿದೆ. ಆಫೀಸಿಗೆ ಇನ್ನೂ ನಾಲ್ಕು ಗಂಟೆಯಿದೆ. ಅಡುಗೆಮನೆಯಲ್ಲಿ ಬೇರೆ ಯಾರೋ ಹಾಲು ಕಾಯಿಸುತ್ತಿರುವ ಸದ್ದು ಕೇಳುತ್ತಾ ಅವಳು ಹೊದಿಕೆ ಎಳೆದುಕೊಳ್ಳುತ್ತಾಳೆ.