ಪರ್ಮಾಂಗನೇಟ್–ಫೆರಸ್ ಕ್ರಿಯೆ
ಪರ್ಮಾಂಗನೇಟ್–ಫೆರಸ್ ಕ್ರಿಯೆಯು ಆಮ್ಲೀಯ ದ್ರಾವಣದಲ್ಲಿ ಎರಡು ನಿರವಯವ ಲವಣಗಳ ನಡುವೆ ನಡೆಯುವ ಉತ್ಕರ್ಷಣ-ಅಪಕರ್ಷಣ ಕ್ರಿಯೆ. ದ್ರಾವಣದಲ್ಲಿರುವ ಕಬ್ಬಿಣದ ಪ್ರಮಾಣವನ್ನು ಇದರಿಂದ ಅಳೆಯಬಹುದು. ಕರ್ನಾಟಕದ ದ್ವಿತೀಯ ಪಿಯುಸಿ ಪ್ರಯೋಗಾಲಯಗಳಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಗೂ ಮೋರ್ ಲವಣವನ್ನು (ಫೆರಸ್ ಅಮೋನಿಯಂ ಸಲ್ಫೇಟ್) ಬಳಸಿ ಈ ಪ್ರಯೋಗವನ್ನು ಮಾಡಿಸಲಾಗುತ್ತದೆ.

ಒಂದು ಪರ್ಮಾಂಗನೇಟ್ ಅಯಾನು 5 ಎಲೆಕ್ಟ್ರಾನುಗಳನ್ನು ಪಡೆದಾಗ ಮ್ಯಾಂಗನೀಸಿನ ಉತ್ಕರ್ಷಣ ಸಂಖ್ಯೆ +7ರಿಂದ +2ಕ್ಕೆ ಇಳಿಯುತ್ತದೆ. 5 ಫೆರಸ್ ಅಯಾನುಗಳು ತಲಾ ಒಂದು ಎಲೆಕ್ಟ್ರಾನನ್ನು ಕಳೆದುಕೊಂಡು ಫೆರಿಕ್ ಅಯಾನುಗಳಾಗುತ್ತವೆ. ಇದಕ್ಕೆ 8 ಹೈಡ್ರೋಜನ್ ಅಯಾನುಗಳು ಬೇಕು. ಆಮ್ಲ ಸಾಲದಿದ್ದರೆ ಕಂದುಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಗಸಿಯಾಗಿ ಲೆಕ್ಕ ತಪ್ಪುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದ ಕ್ಲೋರೈಡ್ ಕೂಡ ಪರ್ಮಾಂಗನೇಟನ್ನು ವ್ಯಯಿಸುತ್ತದೆ; ನೈಟ್ರಿಕ್ ಆಮ್ಲ ಸ್ವತಃ ಉತ್ಕರ್ಷಕ. ಆದ್ದರಿಂದ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲವನ್ನೇ ಬಳಸುತ್ತಾರೆ. ಫೆರಸ್ ಅಯಾನುಗಳೆಲ್ಲ ಮುಗಿದ ಮೇಲೆ ಮಾಸದೆ ಉಳಿಯುವ ನಸುಗುಲಾಬಿ ಬಣ್ಣವೇ ಅಂತ್ಯಬಿಂದು. ಬೇರೆ ಸೂಚಕ ಬೇಕಿಲ್ಲ.